ಕೊಟ್ಟ ಪ್ರೊಸೆಸರ್

“ಇದಕ್ಕೆ ಇನ್ನೆಂತ ಬೇಕಂತೆ?”

ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಕಪ್ಪಾಗಿಯೇ ಉಳಿದ ಪರದೆಯ ಮುಂದೆ ಶಾಝಿಯಾ ಒಬ್ಬಳೇ ಕುಳಿತಿದ್ದಳು. ಅಣ್ಣ ಅಝರ್ ದುಬೈಯಿಂದ ಕಳಿಸಿದ ಹೊಸ ಪ್ರೊಸೆಸರನ್ನು ವಿಡಿಯೊ ನೋಡಿ ತಾನೇ ಕೂರಿಸಿದ್ದಳು. ಫ್ಯಾನ್ ತಿರುಗುತ್ತಿತ್ತು, ದೀಪ ಉರಿಯುತ್ತಿತ್ತು, ಅಷ್ಟೇ. ಮಗಳು ಹುಟ್ಟಿದ ಮೇಲೆ ಬಿಟ್ಟಿದ್ದ ಕಟ್ಟಡದ ನಕ್ಷೆಗಳ ಕೆಲಸ ಸೋಮವಾರದಿಂದ ಮತ್ತೆ ಶುರು, ಅದೂ ಮನೆಯಿಂದಲೇ. ಹಳೆಯ ಪ್ರೊಸೆಸರಿನಲ್ಲಿ ಕಂಪೆನಿಯ ಸಾಫ್ಟ್‌ವೇರ್ ಓಡುವುದಿಲ್ಲ. ಕೈಗೆ ನಕ್ಷೆ ಮರೆತೇ ಹೋಗಿದೆಯೋ ಏನೋ ಎಂಬ ಹೆದರಿಕೆ ಮೊದಲೇ ಇತ್ತು. ಅದರ ಮೇಲೆ ಇದು.

ಹಂಪನಕಟ್ಟೆಯ ರಿಪೇರಿ ಅಂಗಡಿಯಲ್ಲಿ ಶಿಹಾಬ್ ಬಿಚ್ಚಿ ನೋಡಿದ.

“ಹೊಸತು ಸರಿ ಇರಬಹುದು ಅಕ್ಕ. ನಿಮ್ಮ ಮದರ್‌ಬೋರ್ಡಿಗೆ ಇದರ ಗುರುತಿಲ್ಲ. ಹಳೆಯದನ್ನು ಹಾಕಿ ಸ್ಟಾರ್ಟ್ ಮಾಡಿ ಬಯೋಸ್, ಅಂದ್ರೆ ಬೋರ್ಡಿನೊಳಗಿನ ಸಾಫ್ಟ್‌ವೇರ್, ಅಪ್‌ಡೇಟ್ ಮಾಡ್ಬೇಕು. ಹಳೆಯದು ಎಲ್ಲುಂಟು?”

“ಕೊಟ್ಟೆ. ಪಕ್ಕದ ಮನೆಯ ವಿನಿಫ್ರೆಡ್ ಟೀಚರಿಗೆ. ಅವರ ಕಂಪ್ಯೂಟರ್ ಹಾಳಾಗಿ ಬಿದ್ದಿತ್ತು.”

“ಹೊಸತು ಓಡುವ ಮೊದಲೇ?”

ಶಾಝಿಯಾಳ ಮನೆಯ ಪದ್ಧತಿಯೇ ಹಾಗೆ. ಹೊಸ ಬಟ್ಟೆ ಮೈಮೇಲೆ ಬರುವ ಮೊದಲು ಹಳೆಯದೊಂದು ದಾನವಾಗಿ ಹೊಸ್ತಿಲು ದಾಟಬೇಕು; ಪಾತ್ರೆಗೂ ಅದೇ, ಫೋನಿಗೂ ಅದೇ. ಕೊಟ್ಟದ್ದನ್ನು ವಾಪಸ್ ಕೇಳುವುದೆಂದರೆ, ಉಮ್ಮನ ಮಾತಿನಲ್ಲಿ, ಕಕ್ಕಿದ್ದನ್ನು ಮತ್ತೆ ತಿಂದ ಹಾಗೆ.

“ಮೊದಲು ಅಪ್‌ಡೇಟ್, ಆಮೇಲೆ ದಾನ,” ಎಂದ ಶಿಹಾಬ್. “ಫೋನ್ ಮಾಡಿ. ಅರ್ಧ ಗಂಟೆಯ ಮಟ್ಟಿಗೆ ಸಾಕು. ಅದು ವಾಪಸ್ ಕೇಳಿದ ಹಾಗೆ ಆಗುವುದಿಲ್ಲ.”

ಫೋನ್ ಬಂದದ್ದೇ ಟೀಚರ್ ಪಡೀಲಿನ ಮನೆಯಿಂದ ಬಸ್ಸು ಹಿಡಿದು ತಾವೇ ಬಂದರು. ತಮ್ಮನ ಮಗನಿಂದ ಬಿಚ್ಚಿಸಿದ ಪ್ರೊಸೆಸರನ್ನು ಬೆಂಡೋಲೆಯ ಡಬ್ಬಿಯಲ್ಲಿ ಹತ್ತಿಯ ನಡುವೆ ಮಲಗಿಸಿ ತಂದಿದ್ದರು.

“ಹತ್ತಿ ಯಾಕೆ ಟೀಚರ್?” ಶಿಹಾಬ್ ಪಿನ್ನುಗಳಿಗೆ ಸಿಕ್ಕಿದ್ದ ಎಳೆಗಳನ್ನು ಒಂದೊಂದಾಗಿ ಕಿತ್ತ.

“ಬಸ್ಸಿನಲ್ಲಿ ಕುಲುಕಾಟ ಮಾರಾಯ. ನಿನ್ನ ಹಾಗೆ ಗಟ್ಟಿ ತಲೆಯದ್ದಲ್ಲ ಅದು,” ಎಂದು ಶಾಝಿಯಾಳ ಕಡೆ ತಿರುಗಿದರು. “ನಿನಗೆ ಕೇಳ್ಲಿಕ್ಕೆ ನಾಚಿಕೆ ಎಂತ?”

ಹಳೆಯದು ಕೂತದ್ದೇ ಪರದೆ ಬೆಳಗಿತು. ಪೆನ್‌ಡ್ರೈವ್ ಸಿಕ್ಕಿಸಿದ ಶಿಹಾಬ್ ಕೈ ಹಿಂದೆಗೆದ.

“ಒಂದು ಮಾತು ಉಂಟು. ಯಾವ ಯಾವ ಪ್ರೊಸೆಸರಿನ ಗುರುತು ಹಿಡಿಯಬೇಕು ಅಂತ ಬರೆದಿಡುವ ಚಿಪ್ ಇದರಲ್ಲಿ ಸಣ್ಣದು. ಜಾಗ ಸಾಲುವುದಿಲ್ಲ. ಹೊಸ ಪ್ರೊಸೆಸರುಗಳು ಒಳಗೆ ಬರುವಾಗ ಹಳೆಯವು ಹೊರಗೆ. ಆಮೇಲೆ ಈ ಬೋರ್ಡಿಗೆ ನಿಮ್ಮ ಹಳೆಯದು ಯಾರೋ ಏನೋ.”

“ಹೊಸತೇ ಹಾಳಾಗಿದ್ದರೆ?”

“ಆಗ ಅದೂ ಇಲ್ಲ, ಇದೂ ಇಲ್ಲ.”

ಕೆಳಗೆ ರಸ್ತೆಯಲ್ಲಿ ಸಿಟಿ ಬಸ್ಸಿನ ಕಂಡಕ್ಟರ್ ಒಬ್ಬ ಊರುಗಳ ಹೆಸರು ಕೂಗುತ್ತಿದ್ದ. ಶಾಝಿಯಾ ಕುರ್ಚಿಯನ್ನು ಪರದೆಯ ಹತ್ತಿರ ಎಳೆದುಕೊಂಡಳು.

“ಮಾಡಿ,” ಎಂದಳು.

ಪರದೆಯ ಮೇಲಿನ ಗೆರೆ ಇರುವೆಯ ಹಾಗೆ ಹೊರಟಿತು. ಶಾಝಿಯಾಳ ತುಟಿ ಅಲ್ಲಾಡುತ್ತಿತ್ತು, ಟೀಚರದೂ ಅಲ್ಲಾಡುತ್ತಿತ್ತು. ಪದಗಳು ಬೇರೆ, ಕಣ್ಣು ಮಾತ್ರ ಇಬ್ಬರದೂ ಆ ಗೆರೆಯ ಮೇಲೆ. ಗೆರೆ ತುದಿ ಮುಟ್ಟಿತು. ಶಿಹಾಬ್ ಹಳೆಯದನ್ನು ತೆಗೆದು ಹೊಸತನ್ನು ಕೂರಿಸಿ ಗುಂಡಿ ಒತ್ತಿದ. ಕಪ್ಪು. ಇನ್ನೂ ಕಪ್ಪು. ಅವನು ಬಾಯಿ ತೆರೆಯುವಷ್ಟರಲ್ಲಿ ಬೆಳಕು ಬಂತು, ಮೂಲೆಯಲ್ಲಿ ಹೊಸ ಪ್ರೊಸೆಸರಿನ ಹೆಸರೂ ಬಂತು.

ಶಾಝಿಯಾ ಆ ಹೆಸರನ್ನು ಬೆರಳಿನಿಂದ ಮುಟ್ಟಿ ನೋಡಿದಳು.

ಶಿಹಾಬ್ ಹಳೆಯದನ್ನು ಡಬ್ಬಿಯಲ್ಲಿಟ್ಟು ಟೀಚರ ಕಡೆ ಸರಿಸಿದ. ಅರ್ಧ ದಾರಿಯಲ್ಲಿ ಶಾಝಿಯಾಳ ಕೈ ಅದರ ಮೇಲೆ ಬಿತ್ತು.

“ಟೀಚರ್, ಸೋಮವಾರ ಕಳೆಯುವ ತನಕ ಇದು ನನ್ನ ಹತ್ತಿರ ಇರಲಿಯಾ?”

“ನಿನ್ನ ಬೋರ್ಡಿಗೆ ಇನ್ನು ಇದರ ಗುರುತು ಸಿಕ್ಕುವುದಿಲ್ಲ ಅಂದನಲ್ಲ. ಇಟ್ಟುಕೊಂಡು ಎಂತ ಮಾಡ್ತೀ?”

“ಎಂತದೂ ಇಲ್ಲ. ಸುಮ್ಮನೆ, ಧೈರ್ಯಕ್ಕೆ.”

ಟೀಚರ್ ಅವಳ ಬೆರಳುಗಳನ್ನು ಮೆಲ್ಲನೆ ಬಿಡಿಸಿ, ಡಬ್ಬಿಯನ್ನು ಚೀಲದೊಳಗೆ ಇಳಿಸಿ, ಜಿಪ್ ಎಳೆದರು.

“ಕೆಲಸಕ್ಕಾದರೆ ಎಷ್ಟು ಸಲವಾದರೂ ತರ್ತೇನೆ. ಧೈರ್ಯಕ್ಕೆ ಕೊಡುವುದಿಲ್ಲ.”