ಅಂಚಿನ ಮೇಲಿನ ಹೆಸರು

ಬಂದವಳು ಪದಕವನ್ನು ಬಟ್ಟೆಯಿಂದ ಬಿಡಿಸಿ ಮೇಜಿನ ಮೇಲಿಟ್ಟದ್ದೇ ಬಿಲ್ಲೆ ಮೇಷ್ಟ್ರ ಕಣ್ಣು ಅದರ ಅಂಚಿಗೆ ಹೋಯಿತು. ಭೂತಗನ್ನಡಿಯ ಅಗತ್ಯವೇ ಇರಲಿಲ್ಲ. ತಾನು ಹೊಲಿದ ಅಂಗಿಯನ್ನು ದರ್ಜಿ ಜನಜಂಗುಳಿಯಲ್ಲೂ ಗುರುತು ಹಿಡಿಯುವ ಹಾಗೆ, ಅಂಚಿನ ಮೇಲಿನ ಆ ಅಕ್ಷರಗಳನ್ನು ಅವರು ಗುರುತು ಹಿಡಿದರು. ನಲವತ್ತೊಂದು ವರ್ಷದ ಹಿಂದೆ ಅವನ್ನು ಕೆತ್ತಿದ್ದು ಅವರದೇ ಕೈ.

ಆದರೂ ಭೂತಗನ್ನಡಿ ಎತ್ತಿಕೊಂಡರು.

ಎದುರಿಗೆ ಕೂತವಳು ಊರಿನ ವಸ್ತುಸಂಗ್ರಹಾಲಯದವಳು. ನಲವತ್ತರ ಆಚೀಚಿನ ಹೆಂಗಸು, ಮಾತು ಕಡಿಮೆ. ಬಂದ ಕೆಲಸವನ್ನು ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಿದ್ದಳು. ಮರದ ವ್ಯಾಪಾರಿಯೊಬ್ಬನ ಮಕ್ಕಳು ತೀರಿಹೋದ ತಂದೆಯ ಪದಕವನ್ನು ಸಂಗ್ರಹಾಲಯಕ್ಕೆ ಕೊಟ್ಟಿದ್ದಾರೆ. ಸೋಮವಾರ ಅದು ಗಾಜಿನ ಪೆಟ್ಟಿಗೆ ಸೇರಬೇಕು. ಅಂಚಿನ ಹೆಸರು ಮೂಲದ್ದೇ ಎಂದು ಮೇಷ್ಟ್ರು ಬರೆದು ಸಹಿ ಹಾಕಿದರೆ, ಅದೇ ಹೆಸರಿನ ಹಿತ್ತಾಳೆ ಫಲಕ ಪಕ್ಕದಲ್ಲಿ ಕೂರುತ್ತದೆ. ಹಳೆಯ ಪದಕ, ಬಿಲ್ಲೆ, ಲಾಂಛನಗಳ ವಿಷಯದಲ್ಲಿ ಆ ಊರಿನಲ್ಲಿ ಮೇಷ್ಟ್ರ ಮಾತಿಗೆ ಎದುರಿರಲಿಲ್ಲ. ನೂರು ವರ್ಷದ ಕಿಲುಬು ಕಾಣುವ ಕಣ್ಣಿಗೆ ಹಣೆ ಮೇಲಿನ ಕನ್ನಡಕ ಕಾಣುವುದಿಲ್ಲವೆಂದು ಹೆಂಡತಿ ಆಡಿಕೊಳ್ಳುತ್ತಿದ್ದಳು, ಅಷ್ಟೇ.

ದೋಣಿ ಮುಳುಗಿದಾಗ ಜನರನ್ನು ಉಳಿಸಿದ ಅಂಬಿಗನಿಗೆ ಸರ್ಕಾರ ಕೊಟ್ಟ ಬೆಳ್ಳಿ ಪದಕ ಅದು. ಮೇಷ್ಟ್ರು ಇಪ್ಪತ್ಮೂರರ ಪ್ರಾಯದಲ್ಲಿ ಕೆತ್ತನೆ ಅಂಗಡಿಯಲ್ಲಿ ಕೂತು ನಾಮಫಲಕ ಕೆತ್ತುತ್ತಿದ್ದಾಗ, ಮರದ ವ್ಯಾಪಾರಿ ಅದನ್ನು ಜೇಬಿನಲ್ಲಿಟ್ಟುಕೊಂಡು ಬಂದಿದ್ದ. ಬೆಳ್ಳಿ ಅಂಗಡಿಯಲ್ಲಿ ಸಿಕ್ಕಿತಂತೆ. ಹಳೇ ಹೆಸರು ಅಳಿಸು, ನನ್ನದು ಹಾಕು ಎಂದ. ಅಂಬಿಗ ಸತ್ತು ಎಷ್ಟೋ ಕಾಲವಾಯಿತು, ಹಿಂದೆ ಮುಂದೆ ಯಾರೂ ಇಲ್ಲ ಎಂದೂ ಸೇರಿಸಿದ. ಹೌದೋ ಅಲ್ಲವೋ ಎಂದು ಮೇಷ್ಟ್ರು ವಿಚಾರಿಸಲು ಹೋಗಲಿಲ್ಲ. ನಂಬಿಬಿಡುವುದು ಸುಲಭವಾಗಿತ್ತು. ಅಂಗಡಿ ಯಜಮಾನರ ಎದುರೇ ಅರ ಹಿಡಿದು ಉಜ್ಜಿದರು. ಅಚ್ಚೊತ್ತಿದ ಅಕ್ಷರಗಳು ಒಂದೊಂದಾಗಿ ಬೆಳ್ಳಿ ಪುಡಿಯಾಗಿ ಮೊಣಕಾಲ ಮೇಲಿನ ಬಟ್ಟೆಗೆ ಉದುರಿದವು. ಪುಡಿಯನ್ನು ಕೊಡವಿ ಎದ್ದರು. ಹೆಸರು ಮಾತ್ರ ಕೊಡವಿಕೊಂಡು ಹೋಗಲಿಲ್ಲ. ಹಲ್ಲಿನ ಸಂದಿಗೆ ಸಿಕ್ಕಿದ ನಾರಿನ ಹಾಗೆ ಉಂಡರೂ ಇತ್ತು, ಮಲಗಿದರೂ ಇತ್ತು. ಕೆತ್ತನೆ ಬಿಟ್ಟು ಪದಕ ಗುರುತಿಸುವ ವಿದ್ಯೆಗೆ ಬಿದ್ದದ್ದೂ ಅದಕ್ಕೇ ಇರಬೇಕು. ಬೇರೆಯವರು ಅಳಿಸಿದ ಎಷ್ಟೋ ಹೆಸರುಗಳನ್ನು ಅವರು ಬೆಳಕಿಗೆ ತಂದಿದ್ದರು. ತಾವು ಅಳಿಸಿದ್ದನ್ನು ಕಟ್ಟಿಕೊಂಡ ಹೆಂಡತಿಗೂ ಹೇಳಿರಲಿಲ್ಲ.

"ಹೆಸರು ಅಳಿಸಿ ಬೇರೆ ಹಾಕಿದ್ರೆ ಗೊತ್ತಾಗುತ್ತಾ ಮೇಷ್ಟ್ರೇ?" ಅವಳು ಕೇಳಿದಳು.

"ಗೊತ್ತಾಗುತ್ತಮ್ಮ. ಉಜ್ಜಿದ ಕಡೆ ಅಂಚು ತಗ್ಗಿರುತ್ತೆ. ದಪ್ಪ ಅಳೆಯೋ ಕ್ಯಾಲಿಪರ್ ಹಿಡಿದ್ರೆ ಕೂದಲೆಳೆಯಷ್ಟು ತಗ್ಗಿದ್ರೂ ಸಿಕ್ಕಿಬೀಳುತ್ತೆ."

ಕ್ಯಾಲಿಪರ್ ಅವರ ಮೊಣಕೈ ಪಕ್ಕದಲ್ಲೇ ಇತ್ತು. ಅವಳು ಅದನ್ನು ನೋಡಿದಳು, ಅವರನ್ನು ನೋಡಿದಳು.

"ಇದಕ್ಕೆ ಬೇಕಾಗಿಲ್ಲ," ಎಂದರು ಮೇಷ್ಟ್ರು.

ಅವಳು ಪದಕವನ್ನು ಕೈಗೆತ್ತಿಕೊಂಡು ಅಂಚನ್ನು ಹೆಬ್ಬೆರಳಿನಿಂದ ಸುತ್ತಲೂ ಸವರಿದಳು. ಸಂಗ್ರಹಾಲಯದವರು ಇಂಥದ್ದನ್ನು ಬರಿಗೈಯಲ್ಲಿ ಮುಟ್ಟುವುದಿಲ್ಲ. ಬೇರೆ ದಿನವಾಗಿದ್ದರೆ ಮೇಷ್ಟ್ರು ಗದರಿಯೇ ಬಿಡುತ್ತಿದ್ದರು. ಇವತ್ತು ಮಾತು ಹೊರಳಿಸಲೆಂದು ದೋಣಿಯ ಕಥೆ ತೆಗೆದರು, ಪುಣ್ಯಾತ್ಮ ಒಬ್ಬನೇ ಹದಿನಾಲ್ಕು ಜನರನ್ನು ದಡಕ್ಕೆಳೆದು ಹಾಕಿದನಂತೆ ಎಂದರು.

"ಹದಿನೈದು," ಎಂದಳು ಅವಳು. "ಒಂದು ಮಡಿಲ ಕೂಸು. ಕಚೇರಿಯವರು ಅದನ್ನ ಲೆಕ್ಕಕ್ಕೆ ಹಿಡೀಲಿಲ್ಲ."

ಸಂಗ್ರಹಾಲಯದ ಕಡತ ಓದಿರಬೇಕು ಅಂದುಕೊಂಡರು ಮೇಷ್ಟ್ರು.

ಕಾಗದ ಎಳೆದುಕೊಂಡರು. ಈಗ ಹೇಳಿದರೆ ಹೇಳಿದ ಹಾಗೆ. ಸೋಮವಾರ ಗಾಜಿನೊಳಗೆ ಹೋದ ಮೇಲೆ ಆ ಅಂಬಿಗನ ಹೆಸರು ಇನ್ನೆಂದೂ ಈಚೆ ಬರುವುದಿಲ್ಲ. ಆದರೆ ಇದು ಸುಳ್ಳು ಹೆಸರು ಎಂದರೆ, ಕೆತ್ತಿದ್ದು ಯಾರು ಎಂಬ ಮಾತು ಬೆನ್ನಿಗೇ ಬರುತ್ತದೆ. ಅಳಿಸಿದವನೇ ಇಷ್ಟು ವರ್ಷ ಪರರ ಕಳ್ಳತನ ಹಿಡಿಯುತ್ತ ಕೂತಿದ್ದನೇ ಎಂದು ಊರು ನಗುತ್ತದೆ. ವ್ಯಾಪಾರಿಯೂ ಇಲ್ಲ, ಅಂಬಿಗನೂ ಇಲ್ಲ. ಈಗ ಯಾರಿಗೇನು ಲಾಭ? ಹೀಗೆ ತಮಗೆ ತಾವೇ ಸಮಾಧಾನ ಹೇಳಿಕೊಳ್ಳುತ್ತ ಎರಡು ಸಾಲು ಬರೆದರು. ಹೆಸರಿನ ಜಾಗಕ್ಕೆ ಬಂದಾಗ ಪೆನ್ನು ನಿಂತಿತು. ಹಳೆಯ ಹೆಸರು ಪೆನ್ನಿನ ಮುಳ್ಳಿನ ತುದಿಗೇ ಬಂದು ಕೂತಿತ್ತು. ಅದನ್ನು ಹಿಂದಕ್ಕೆ ನೂಕಿ ವ್ಯಾಪಾರಿಯ ಹೆಸರು ಬರೆದು, ಸಹಿ ಹಾಕಿದರು.

ಒಮ್ಮೆ ಓದಿ ಹೇಳಬೇಕೆಂದು ಅವಳು ಕೇಳಿಕೊಂಡಳು. ಅಂಚಿನ ಹೆಸರು ಮೂಲದ್ದೇ, ತಿದ್ದಿದ ಗುರುತಿಲ್ಲ ಎಂದು ಮೇಷ್ಟ್ರು ಓದಿದರು. ಓದಿ ಕಾಗದವನ್ನು ಅವಳತ್ತ ಸರಿಸಿದರು.

ಅವಳು ಕಾಗದ ಮಡಚಿ ಚೀಲಕ್ಕಿಟ್ಟಳು, ಪದಕವನ್ನು ಬಟ್ಟೆಯಲ್ಲಿ ಸುತ್ತಿದಳು. ಎದ್ದು ಕಿಟಕಿಯ ಹತ್ತಿರ ಹೋಗಿ, ಕೆಳಗೆ ಯಾರಿಗೋ ಇಲ್ಲ ಎಂಬಂತೆ ತಲೆಯಾಡಿಸಿದಳು. ಮೇಷ್ಟ್ರೂ ಹೋಗಿ ಬಗ್ಗಿ ನೋಡಿದರು. ರಸ್ತೆ ಬದಿಯ ಬೆಂಚಿನಿಂದ ಮುದುಕನೊಬ್ಬ ಕೋಲೂರಿ ಏಳುತ್ತಿದ್ದ. ವಯಸ್ಸು ಎಂಬತ್ತರ ಮೇಲೆ, ಭುಜ ಮಾತ್ರ ಇನ್ನೂ ಅಗಲ.

"ಯಾರಮ್ಮ ಅದು?"

"ನಮ್ಮಪ್ಪ," ಎಂದಳು ಅವಳು. "ನೀವು ಅರ ಹಿಡಿದು ಅಳಿಸಿದ ಹೆಸರು ಅವರದು. ನಿಮ್ಮ ಅಂಗಡಿ ಯಜಮಾನರು ಸಾಯೋ ಮುಂಚೆ ಎಲ್ಲಾ ಹೇಳಿ ಹೋದ್ರು. ಮೇಷ್ಟ್ರು ಸುಳ್ಳೇ ಬರೆದುಕೊಟ್ರೆ ವ್ಯಾಪಾರಿ ಹೆಸರೇ ಇರಲಿ ಬಾ, ಜಗಳ ಬೇಡ ಅಂದ್ರು ಅಪ್ಪ. ನಿಜ ಹೇಳಿದ್ರೆ ಕಿಟಕಿಯಿಂದ ಕೈ ಬೀಸು, ಎಷ್ಟು ಮೆಟ್ಟಿಲಿದ್ರೂ ಹತ್ತಿ ಬಂದು ಅವರ ಕೈ ಹಿಡ್ಕೋತೀನಿ ಅಂದಿದ್ರು."