ಸೆಲೆಕ್ಟರ್ ಖಂಡಪ್ಪನ ಬೆತ್ತ

"ಇನ್ನ ಮ್ಯಾಲ ಯಾರೂ ನನ್ನ ಮುಕಾದಮ ಅನ್ನಬ್ಯಾಡ್ರಿ," ಎಂದು ಖಂಡಪ್ಪ ಕೂಲಿ ಹೆಂಗಸರ ಸಾಲಿನ ಮುಂದೆ ಬೆತ್ತ ಆಡಿಸುತ್ತ ಸಾರಿದ. "ಕಂಪನಿ ಸಾಹೇಬರು ನನಗ ಸೆಲೆಕ್ಟರ್ ಅಂತ ಹೆಸರು ಕೊಟ್ಟಾರ."

ಕುರ್ಲಾ ಸ್ಟೇಷನ್ನಿನ ಹೊರಗೆ ಕೂಲಿಯವರು ನೆರೆಯುವ ನಾಕಾದಲ್ಲಿ ಆಗತಾನೆ ಬೆಳಕು ಹರಿದಿತ್ತು. ಬಾಂಗ್ಲಾ ಯುದ್ಧ ಮುಗಿದ ಮರುವರ್ಷ. ಮಲಾಡಿನ ಕಡೆ ಬಿಲ್ಡಿಂಗುಗಳು ಒಂದರ ಬೆನ್ನಿಗೊಂದು ಏಳುತ್ತಿದ್ದವು. ಸಾಲಿನಲ್ಲಿದ್ದವರೆಲ್ಲ ಗುಲಬರ್ಗಾ, ವಿಜಾಪುರದ ಕಡೆಯ ಹೆಂಗಸರು. ಪ್ರತಿಯೊಬ್ಬಳ ಕಾಲ ಬಳಿಯೂ ಬೋರಲು ಹಾಕಿದ ಒಂದು ಕಬ್ಬಿಣದ ಬುಟ್ಟಿ. ಖಂಡಪ್ಪ ಯಾರ ಬುಟ್ಟಿಯನ್ನು ಬೆತ್ತದಿಂದ ಟಣ್ಣೆಂದು ಬಡಿಯುವನೋ ಅವಳಿಗೆ ಅಂದು ಕೂಲಿ. ಅವಳು ಬುಟ್ಟಿ ಎತ್ತಿಕೊಂಡು ಲಾರಿ ಹತ್ತಬೇಕು. ಸದ್ದು ಕೇಳದವಳು ಬಂದ ದಾರಿಯಲ್ಲೇ ತಿರುಗಬೇಕು.

"ಸೆಲೆಕ್ಟರ್ ಅಂದ್ರ ಏನೋ ಅಣ್ಣಾ?" ರುದ್ರವ್ವ ಕೇಳಿದಳು.

"ಆರಿಸಾಂವ. ಯಾರು ಕೆಲಸಕ್ಕ ಬರ್ತಾರ, ಯಾರು ಬರಂಗಿಲ್ಲ ಅನ್ನೂದು ಒಂದ ನೋಟಕ್ಕ ತಿಳದಾಂವ. ಕ್ರಿಕೆಟ್‌ನ್ಯಾಗೂ ಇರ್ತಾರ. ರೇಡಿಯೋ ಕೇಳಿಲ್ಲೇನು?"

"ನನ್ನ ಗಂಡನೂ ಸೆಲೆಕ್ಟರ್ ಆಗೇ ಹೆಣ್ಣು ನೋಡಾಕ ಬಂದಿದ್ದ, ಬೆತ್ತ ಒಂದ ತಂದಿರಲಿಲ್ಲ," ಎಂದಳು ಸಾಲಿನ ತುದಿಯಿಂದ ರಾಚವ್ವ. ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕರು.

ಖಂಡಪ್ಪ ನಗಲಿಲ್ಲ. ಟಣ್, ಟಣ್ ಎಂದು ಬಡಿಯುತ್ತ ಬಂದ. ಇಬ್ಬರು ಲಾರಿ ಹತ್ತಿದರು. ರುದ್ರವ್ವನ ಬುಟ್ಟಿಯೂ ಸದ್ದು ಮಾಡಿತು; ಅವಳು ಅದನ್ನು ಕಂಕುಳಿಗೆ ಎತ್ತಿಕೊಂಡಳು. ಆದರೆ ಅವಳ ಪಕ್ಕದಲ್ಲಿ ಅವಳ ಓರಗಿತ್ತಿ ಸುಂದ್ರವ್ವ ನಿಂತಿದ್ದಳು. ಬೆತ್ತ ಅಲ್ಲಿ ಗಾಳಿಯಲ್ಲೇ ತಡೆದು ಮುಂದಕ್ಕೆ ಸರಿಯಿತು. ಕೆಲವು ದಿನಗಳ ಹಿಂದೆ ಇದೇ ಕಂಪನಿಯ ಕೆಲಸದಲ್ಲಿ ಹಲಗೆ ಜಾರಿ ಬಿದ್ದು ಅವಳ ಎಡಗೈಯ ಎರಡು ಬೆರಳು ಜಜ್ಜಿಹೋಗಿದ್ದವು. ಕೈಗೆ ಸುತ್ತಿದ ಬಟ್ಟೆಯನ್ನು ಸೆರಗಿನೊಳಗೆ ಮರೆಸಿಕೊಂಡು, ಇಂದೇ ಮೊದಲ ಸಲ ಅವಳು ಮತ್ತೆ ನಾಕಾಕ್ಕೆ ಬಂದಿದ್ದಳು. ಒಮ್ಮೆ ಬಿಟ್ಟ ಬುಟ್ಟಿಯನ್ನು ಖಂಡಪ್ಪ ಮತ್ತೆಂದೂ ಬಡಿದವನಲ್ಲ. ಅದನ್ನು ನಾಕಾದಲ್ಲಿ ಅರಿಯದವರಿರಲಿಲ್ಲ.

"ಅಣ್ಣಾ, ಅಕ್ಕನ್ನ ಬಿಟ್ಟಿ," ಎಂದಳು ರುದ್ರವ್ವ.

"ಬಿಟ್ಟಿಲ್ಲ, ಆರಿಸಿಲ್ಲ. ಇವತ್ತ ಸ್ಲ್ಯಾಬ್ ಹಾಕೂದೈತಿ. ಮುರಕ ಕೈ ಸಾಲಿನ್ಯಾಗ ನಿಂತ್ರ ಕಾಂಕ್ರೀಟು ನಿಲ್ತದ."

"ಬುಟ್ಟಿ ಹೊರೂದು ತಲಿ. ನಾ ಎತ್ತಿ ಕೊಡ್ತೀನಿ, ಅಕಿ ಹೊರತಾಳ. ಕೈ ಮುರದದ್ದು ನಿಮ್ಮ ಹಲಗಿ, ಅಕಿ ಅಲ್ಲ."

"ನನಗ ಕಲಿಸಾಕ ಬರಬ್ಯಾಡ. ಆರಿಸಾಂವ ನಾ!"

"ಕ್ರಿಕೆಟ್‌ನವ್ರು ಆಟಕ್ಕ ಆರಸ್ತಾರ. ನೀ ಹೊಟ್ಟಿಗೆ ಆರಸ್ತಿ."

ಖಂಡಪ್ಪನ ಮುಖ ಕೆಂಪೇರಿತು. "ನಿನ್ನ ಬುಟ್ಟಿನೂ ಬಡದಿಲ್ಲ ಅಂತ ತಿಳಕೋ. ಊರ ಕಡೆಯವ್ರು ಅಂತ ಸಲಿಗಿ ಕೊಟ್ಟದ್ದ ತಪ್ಪಾತು."

"ಸುಮ್ನಿರ ರುದ್ರಾ," ಎಂದು ಸುಂದ್ರವ್ವ ಮೆಲ್ಲಗೆ ಅವಳ ಸೆರಗು ಜಗ್ಗಿದಳು. "ನೀನರ ಹೋಗು."

ರುದ್ರವ್ವ ಹೋಗಲಿಲ್ಲ. ಕಂಕುಳಲ್ಲಿದ್ದ ಬುಟ್ಟಿಯನ್ನು ಮತ್ತೆ ನೆಲಕ್ಕೆ ಬೋರಲು ಹಾಕಿದಳು. ರಸ್ತೆಯಂಚಿನಿಂದ ಒಂದು ಜಲ್ಲಿಕಲ್ಲನ್ನು ಹೆಕ್ಕಿ, ಸೊಂಟ ಬಾಗಿಸಿ, ಸುಂದ್ರವ್ವನ ಬುಟ್ಟಿಯನ್ನು ಒಮ್ಮೆ ಬಡಿದಳು. ಟಣ್! ಬಳಿಕ ತನ್ನದನ್ನು. ಟಣ್!

ಸಾಲಿನ ಹೆಂಗಸರೆಲ್ಲ ಅವಳತ್ತ ತಿರುಗಿದರು. ಇದಕ್ಕೆ ಇನ್ನೊಂದು ಸದ್ದು ಜೊತೆಯಾಗದಿದ್ದರೆ ನಾಳೆಯಿಂದ ತಮ್ಮಿಬ್ಬರ ಪಾಲಿಗೆ ಈ ನಾಕಾವೇ ಇಲ್ಲವೆಂಬುದನ್ನು ಅವಳು ಬಲ್ಲಳು. ಆದರೂ ಕಲ್ಲನ್ನು ಕೈಬಿಡಲಿಲ್ಲ.

"ಏ ಖಂಡೂ, ಜಲ್ದೀ ಕರ್! ಆಜ್ ಸ್ಲ್ಯಾಬ್ ಹೈ!" ಎಂದು ಡ್ರೈವರ್ ಹಾರ್ನ್ ಒತ್ತಿದ.

"ಬ್ಯಾರೇ ನಾಕಾದಾಗ ಹೆಂಗಸ್ರು ಸಿಗಂಗಿಲ್ಲ ಅಂತ ಮಾಡೀರೇನು?" ಖಂಡಪ್ಪ ಗದರಿದ.

"ಹುಡುಕು ಹೋಗು ಸೆಲೆಕ್ಟರ್ ಸಾಹೇಬಾ. ಅಷ್ಟೊತ್ತಿಗೆ ನಿಮ್ಮ ಸಿಮಿಂಟು ಕಲ್ಲಾಗಿರತೈತಿ," ಎನ್ನುತ್ತ ರಾಚವ್ವ ತಾನೂ ಒಂದು ಕಲ್ಲು ಹೆಕ್ಕಿ ತನ್ನ ಬುಟ್ಟಿ ಬಡಿದಳು.

ಅದರ ಮಗ್ಗುಲಿನದು ಸದ್ದು ಮಾಡಿತು. ಅದರಾಚೆಯದೂ. ಲಾರಿ ಹತ್ತಿದ್ದ ಇಬ್ಬರು ತಮ್ಮ ಬುಟ್ಟಿಗಳನ್ನು ಲಾರಿಯ ಪಟ್ಟಿಗೇ ಕುಟ್ಟಿದರು. ಒಳಬರುತ್ತಿದ್ದ ಲೋಕಲ್ಲಿನ ಗಡಗಡವೂ ಅಡಗುವಂತೆ ನಾಕಾ ತುಂಬ ಕಬ್ಬಿಣ ಮೊಳಗಿತು. ಎಲ್ಲರ ಆಯ್ಕೆಯೂ ಆಯಿತೆಂದುಕೊಂಡ ಡ್ರೈವರ್ ಇಳಿದುಬಂದು ಲಾರಿಯ ಹಿಂಬದಿಯ ಹಲಗೆಯನ್ನು ಪೂರ್ತಿ ತೆರೆದ.

ಸುಂದ್ರವ್ವ ಸೆರಗಿನಿಂದ ಕೈಯನ್ನು ಹೊರತೆಗೆದಳು. ಬಟ್ಟೆ ಸುತ್ತಿದ ಆ ಕೈಯಿಂದಲೇ ತಲೆಯ ಸಿಂಬಿಯನ್ನು ಸರಿಪಡಿಸಿಕೊಂಡು ಎಲ್ಲರಿಗಿಂತ ಮೊದಲು ನಡೆದಳು.

ಸೆಲೆಕ್ಟರ್ ಖಂಡಪ್ಪ ಬೆತ್ತವನ್ನು ಎತ್ತಿ ಹಿಡಿದೇ ನಿಂತಿದ್ದ. ಬಡಿಯಲು ಅವನಿಗೆ ಒಂದು ಬುಟ್ಟಿಯೂ ಉಳಿದಿರಲಿಲ್ಲ.