ಐದು ಸೆಕೆಂಡಿನ ವಿಶ್ರಾಂತಿ

ಎರಡು ನಿಮಿಷ ಪುರುಸೊತ್ತಿದ್ದರೆ ಓದಿ... ಪುರುಸೊತ್ತೇ ಇಲ್ಲ ಅನ್ನುವವರು ಖಂಡಿತ ಓದಿ.

ಮಂಗಳೂರಿನ ಒಂದು ಈಜುಕೊಳ. ಅಲ್ಲಿ ವಾಮನ ಸಾಲಿಯಾನ್ ಅಂತ ಒಬ್ಬ ಕೋಚ್. ಈಜು ಕಲಿಸುವುದರಲ್ಲಿ ಎತ್ತಿದ ಕೈ... ಸಿಟ್ಟಿನಲ್ಲಿಯೂ ಅಷ್ಟೇ!

ಇನ್ನು ಮೂರು ವಾರದಲ್ಲಿ ಸಮುದ್ರದಲ್ಲಿ ಈಜು ಸ್ಪರ್ಧೆ ಇತ್ತು. ಒಂದು ಕಿಲೋಮೀಟರಿಗೆ ಯಾರು, ಎರಡು ಕಿಲೋಮೀಟರಿಗೆ ಯಾರು ಅಂತ ಮರುದಿನವೇ ಪಟ್ಟಿ ಕಳಿಸಬೇಕಿತ್ತು.

ಕೋಚ್ ತಲೆ ಕೆಡಿಸಿದ್ದು ಪಟ್ಟಿಯ ಒಂದೇ ಹೆಸರು. ಸುಗಂಧಿ ಟೀಚರ್. ನಲವತ್ತಮೂರು ವರ್ಷ, ಅಂಗನವಾಡಿಯಲ್ಲಿ ಕೆಲಸ.

ಎರಡು ಕಿಲೋಮೀಟರ್ ಈಜಿಯೇ ಸಿದ್ಧ ಅಂತ ಟೀಚರ್‌ಗೆ ಹಠ. ಹಿಂದೊಮ್ಮೆ ಮಗಳನ್ನು ಅಲೆ ಎಳೆದುಕೊಂಡು ಹೋದಾಗ ಮೀನುಗಾರರು ಹಾರಿ ಉಳಿಸಿದ್ದರು. ತಾಯಿ ಮೊಣಕಾಲುದ್ದ ನೀರಿನಲ್ಲಿ ನಿಂತು ಕೂಗಿದ್ದಷ್ಟೇ... ಆ ಸಂಕಟ ಅವರನ್ನು ಬಿಟ್ಟಿರಲಿಲ್ಲ.

ಕೊಳದಲ್ಲಿ ದಿನಾ ಒಂದೇ ವರ್ಕೌಟ್. ನೂರು ಮೀಟರ್, ಹತ್ತು ಸಲ. ಎರಡೂವರೆ ನಿಮಿಷಕ್ಕೊಮ್ಮೆ ಕೋಚ್ "ಗೋ" ಅಂದರೆ ಎಲ್ಲರೂ ಒಟ್ಟಿಗೆ ಹೊರಡಬೇಕು.

ಉಳಿದವರು ಬೇಗ ಬಂದು ಗೋಡೆ ಹಿಡಿದು ಹರಟುತ್ತಿದ್ದರು. ಸುಗಂಧಿ ಟೀಚರ್ ಮಾತ್ರ ಕೊನೆಗೆ... ಏದುಸಿರು ಬಿಡುತ್ತಾ!

ಆರು ತಿಂಗಳಾದರೂ ಅದೇ ರಾಗ, ಅದೇ ಹಾಡು. ಆ ದಿನ ಕೋಚ್ ತಾಳ್ಮೆಯ ಕಟ್ಟೆ ಒಡೆಯಿತು.

"ಎಂತ ಟೀಚರ್ ಇದು? ಹೇಳಿ ಹೇಳಿ ನನ್ನ ಗಂಟಲು ಹೋಯ್ತು! ಎಲ್ಲರಿಗೂ ಆಗುದು ನಿಮಗೆ ಮಾತ್ರ ಯಾಕೆ ಆಗುದಿಲ್ಲ? ಬರೀ ಸೋಮಾರಿತನ! ಸಮುದ್ರ ಬೇಡ ನಿಮಗೆ... ಮನೆಯಲ್ಲಿ ಕೂತ್ಕೊಳ್ಳಿ!"

ಹಾಗೆಂದವರೇ ಅವರ ಹೆಸರಿನ ಮೇಲೆ ಗೀಟು ಎಳೆದುಬಿಟ್ಟರು.

ಟೀಚರ್ ಕಣ್ಣು ತುಂಬಿತು. ಆದರೂ ಕೇಳಿದರು...

"ಸರ್, ಗೋಡೆ ಹತ್ರ ನಿಂತು ಇವರೆಲ್ಲ ದಿನಾ ಎಂತ ಮಾತಾಡುದು?"

"ಅದು ಈಗ ನಿಮಗ್ಯಾಕೆ ಮಾರಾಯ್ರೆ?"

"ಅಲ್ಲ ಸರ್... ಆರು ತಿಂಗಳಲ್ಲಿ ನಾನು ಒಂದು ದಿನವೂ ಕೇಳಿಲ್ಲ. ನಾನು ಬಂದು ಈಜು ಕನ್ನಡಕ ಸರಿ ಮಾಡುವಷ್ಟರಲ್ಲಿ ನೀವು 'ಗೋ' ಹೇಳಿ ಆಗ್ತದೆ."

ಕೋಚ್ ಕೈಯಲ್ಲಿದ್ದ ಸ್ಟಾಪ್‌ವಾಚ್ ನೋಡಿದರು.

ಬೇರೆಯವರು ನೂರು ಮೀಟರನ್ನು ಎರಡು ನಿಮಿಷದಲ್ಲಿ ಮುಗಿಸುತ್ತಾರೆ. ಅವರಿಗೆ ಅರ್ಧ ನಿಮಿಷ ವಿಶ್ರಾಂತಿ. ಟೀಚರ್‌ಗೆ ಬೇಕು ಎರಡು ನಿಮಿಷ ಇಪ್ಪತ್ತೈದು ಸೆಕೆಂಡು... ವಿಶ್ರಾಂತಿ ಸಿಗುವುದು ಐದೇ ಸೆಕೆಂಡು!

ಸೋಮಾರಿ ಅಂತ ಬೈಸಿಕೊಂಡವರೇ ಎಲ್ಲರಿಗಿಂತ ಕಷ್ಟದ ವರ್ಕೌಟ್ ಮಾಡುತ್ತಿದ್ದರು. ಅದೂ ದಿನಾ! ಇಷ್ಟು ವರ್ಷ ಕಲಿಸಿದ ಕೋಚ್‌ಗೆ ಈ ಸಣ್ಣ ಲೆಕ್ಕ ಹೊಳೆದಿರಲಿಲ್ಲ.

"ನಾಳೆ ಬನ್ನಿ ಟೀಚರ್" ಅಂದರು, ದನಿ ತಗ್ಗಿಸಿ.

ಮರುದಿನ ಬೆಳಿಗ್ಗೆ ಎಲ್ಲರಿಗೂ ಹೊಸ ಆಜ್ಞೆ. "ಇವತ್ತು ಎರಡು ಕಿಲೋಮೀಟರ್. ಗೋಡೆ ಮುಟ್ಟಿ ತಿರುಗುದು, ಹಿಡಿದು ನಿಲ್ಲುದಿಲ್ಲ. ಸಮುದ್ರದಲ್ಲಿ ಗೋಡೆ ಇಲ್ಲ, ಗೊತ್ತುಂಟಲ್ಲ?"

ಜೋರಾಗಿ ಹೊರಟವರು ಆರುನೂರು, ಏಳುನೂರು ಮೀಟರಿಗೆ ಒಬ್ಬೊಬ್ಬರೇ ಗೋಡೆ ಹಿಡಿದರು. ಸುಗಂಧಿ ಟೀಚರ್ ಅದೇ ನಿಧಾನದಲ್ಲಿ ಹೋಗುತ್ತಾ ಬರುತ್ತಾ ಇದ್ದರು... ನಲವತ್ತೊಂಬತ್ತು ನಿಮಿಷ, ಒಮ್ಮೆಯೂ ನಿಲ್ಲದೆ!

ಅವರು ಮೇಲೆ ಬಂದಾಗ ಕೋಚ್ ಕೈ ಮುಗಿದು ನಿಂತಿದ್ದರು.

"ತಪ್ಪಾಯ್ತು ಟೀಚರ್. ಆರು ತಿಂಗಳು ನಿಮಗೆ ಉಸಿರಾಡ್ಲಿಕ್ಕೂ ಬಿಡದೆ, ಏದುಸಿರು ಯಾಕೆ ಅಂತ ಬೈದೆ..." ಇಬ್ಬರ ಕಣ್ಣಲ್ಲೂ ನೀರು.

ಟೀಚರ್ ಮುಖ ಒರೆಸಿಕೊಂಡು ಅಂದರು, "ಮೊದ್ಲು ಹೆಸರು ಬರೀರಿ ಸರ್. ಅಳುದೆಲ್ಲ ಮತ್ತೆ."

ಅಂದಿನಿಂದ ಆ ಕೊಳದಲ್ಲಿ ಅವರವರ ಶಕ್ತಿಗೆ ಅವರವರ ವರ್ಕೌಟ್, ಅವರವರ ವಿಶ್ರಾಂತಿ.

ಸಮುದ್ರದಲ್ಲೂ ಸುಗಂಧಿ ಟೀಚರ್ ಕೊನೆಗೇ ಬಂದರು... ಆದರೆ ರಕ್ಷಣಾ ದೋಣಿ ಹತ್ತದೆ, ಪೂರ್ತಿ ಎರಡು ಕಿಲೋಮೀಟರ್ ಈಜಿಯೇ ಬಂದರು.

*ಕೊನೆಗೆ ಬರುವವರೆಲ್ಲ ಸೋಮಾರಿಗಳಲ್ಲ... ಕೆಲವರಿಗೆ ವಿಶ್ರಾಂತಿಯೇ ಸಿಕ್ಕಿರುವುದಿಲ್ಲ.*

ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ಕೊನೆಗೆ ಊಟಕ್ಕೆ ಕೂರುವವರು ಯಾರು? ಅವರು ಕೂತ ಕೂಡಲೇ ನೀವು "ಗೋ" ಅನ್ನುತ್ತಿಲ್ಲ ತಾನೆ?